ಯೂಟ್ ಹಿಂದೆ ಕ್ಯಾರವಾನ್: 3,500 ಕೆಜಿ ಎಳೆಯುತ್ತದೆ ಅಂದರೆ ಸಾಕಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಶಾಲೆ ರಜೆಗೆ ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಅಡಿಲೇಡ್‌ವರೆಗೆ ಕ್ಯಾರವಾನ್ ಎಳೆದುಕೊಂಡು ಹೋಗುವ ಯೋಚನೆ. ಗಾಡಿ 2019ರ ಫೋರ್ಡ್ ರೇಂಜರ್ ಯೂಟ್ (ಹಿಂದೆ ಟ್ರೇ ಇರುವ ಪಿಕಪ್), ಡಬಲ್ ಕ್ಯಾಬ್. ಕ್ಯಾರವಾನ್ ಸೆಕೆಂಡ್ ಹ್ಯಾಂಡ್, ಅದರ ಪ್ಲೇಟ್ ಮೇಲೆ ಟೇರ್ (ಖಾಲಿ ತೂಕ) 2,250, ಎಟಿಎಂ (ಸಾಮಾನು ತುಂಬಿದ ಮೇಲೆ ಇರಬಹುದಾದ ಗರಿಷ್ಠ ತೂಕ) 2,800 ಕೆಜಿ ಅಂತ ಇದೆ. ರೇಂಜರ್ 3,500 ಕೆಜಿ ಎಳೆಯುತ್ತದೆ, ಚಿಂತೆ ಬೇಡ ಅಂತ ಮಾರಿದವರು ಹೇಳಿದರು. ಈ ಗುಂಪಿನಲ್ಲಿ ಟೋಬಾರ್ (ಕ್ಯಾರವಾನ್ ಕಟ್ಟಲು ಗಾಡಿ ಹಿಂದೆ ಕೂರಿಸುವ ಉಕ್ಕಿನ ಪಟ್ಟಿ) ಹಾಕುವ ಕೆಲಸದವರು ಇದ್ದಾರಂತೆ. ಸರ್, ನಿಜವಾಗಲೂ ಚಿಂತೆ ಇಲ್ವಾ?

ಉತ್ತರ: ನಮಸ್ಕಾರ. ಟೋಬಾರ್, ಕ್ಯಾರವಾನ್ ಬ್ರೇಕ್ ಎರಡೂ ನನ್ನ ದಿನದ ಕೆಲಸ. ನಿಮ್ಮ ಜೋಡಿ ಹೊಂದುತ್ತದೆ, ಆದರೆ ಅವರು ಹೇಳಿದ ಕಾರಣಕ್ಕಲ್ಲ.

3,500 ಅನ್ನೋದು ಜಾಹೀರಾತಿನ ಅಂಕಿ. ನೀವು ನೋಡಬೇಕಾದದ್ದು ಇನ್ನೆರಡು. ಯೂಟ್ ಒಂದೇ ಎಷ್ಟು ತೂಗಬಹುದು ಅನ್ನೋದು ಜಿವಿಎಂ, ನಿಮ್ಮದಕ್ಕೆ 3,200 ಕೆಜಿ. ಯೂಟ್ ಮತ್ತು ಕ್ಯಾರವಾನ್ ಸೇರಿ ಎಷ್ಟು ತೂಗಬಹುದು ಅನ್ನೋದು ಜಿಸಿಎಂ, ಅದು 6,000. ಈಗ ಲೆಕ್ಕ ಹಾಕಿ. 3,500 ಕೆಜಿ ಕ್ಯಾರವಾನ್ ಕಟ್ಟಿದರೆ ಯೂಟ್‌ಗೆ ಉಳಿಯುವುದು 2,500. ಖಾಲಿ ಯೂಟೇ ಸುಮಾರು 2,230 ಇರುತ್ತದೆ. ಮಿಕ್ಕ 270 ಕೆಜಿಯಲ್ಲಿ ನೀವು ನಾಲ್ಕು ಜನ ಕೂತರೆ 225 ಹೋಯಿತು. ಮುಂದೆ ಬುಲ್‌ಬಾರ್ (ಬಂಪರ್ ಜಾಗದ ಭಾರದ ಗಾರ್ಡ್) ಒಂದಿದ್ದರೂ ಸಾಕು, ಮಿತಿ ದಾಟಿದಿರಿ. ಹೀಗೆ ದಾಟಿರುವ ಗಾಡಿಗಳನ್ನು ನಾನು ತುಂಬಾ ನೋಡುತ್ತೇನೆ, ಓಡಿಸುವವರಿಗೆ ಗೊತ್ತೇ ಇರುವುದಿಲ್ಲ.

ನಿಮ್ಮ ಕ್ಯಾರವಾನ್ 2,800 ಆದ್ದರಿಂದ ಜಾಗ ಇದೆ. ಆದರೆ ಕ್ಯಾರವಾನ್ ಒಳಗೆ ತುಂಬಲು ನಿಮಗಿರುವುದು 550 ಕೆಜಿ ಮಾತ್ರ. ಟೇರ್ ಅಂದರೆ ನೀರಿಲ್ಲದ, ಗ್ಯಾಸ್ ಇಲ್ಲದ ತೂಕ. ಎರಡು 95 ಲೀಟರ್ ಟ್ಯಾಂಕ್ ತುಂಬಿಸಿದರೆ ಅಲ್ಲೇ 190 ಕೆಜಿ. ಆಮೇಲೆ ಆನಿಂಗ್, ಕುರ್ಚಿ, ಜಾಕ್, ಪಾತ್ರೆ, ಹಾಸಿಗೆ, ಅಕ್ಕಿ ಮೂಟೆ. ಬೇಗ ತುಂಬಿಬಿಡುತ್ತದೆ.

ಮರುಪ್ರಶ್ನೆ: ಅಯ್ಯೋ, ಇಷ್ಟೆಲ್ಲಾ ಯಾರೂ ಹೇಳಲೇ ಇಲ್ಲ. ಸಾಮಾನನ್ನು ಎಲ್ಲಿ ಇಟ್ಟರೂ ಒಂದೇನಾ? ಎರಡು ಸೈಕಲ್ ಹಿಂದೆ ನೇತುಹಾಕೋಣ ಅಂತಿದ್ದೆ.

ಉತ್ತರ: ಒಂದೇ ಅಲ್ಲ, ಮತ್ತು ದಯವಿಟ್ಟು ಸೈಕಲ್ ಹಿಂದೆ ಬೇಡ. ಇದಕ್ಕೆ ಸ್ವಲ್ಪ ಉದ್ದವಾಗಿ ಉತ್ತರ ಬರೆಯುತ್ತೇನೆ, ಯಾಕಂದರೆ ರಸ್ತೆಯಲ್ಲಿ ಕ್ಯಾರವಾನ್ ಮಗುಚಿ ಬೀಳುವುದರ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಮೊದಲನೆಯದು ಬಾಲ್ ವೇಟ್, ಅಂದರೆ ಕ್ಯಾರವಾನ್ ಮೂತಿ ಟೋಬಾಲ್ (ಟೋಬಾರ್ ತುದಿಯ ಉಕ್ಕಿನ ಗುಂಡು) ಮೇಲೆ ಹಾಕುವ ಭಾರ. ಇಲ್ಲಿನ ಕ್ಯಾರವಾನ್‌ಗೆ ಒಟ್ಟು ತೂಕದ ಸುಮಾರು ಶೇಕಡಾ 10 ಇರಲಿ, ನಿಮಗೆ 280 ಕೆಜಿ. ಹಿಂದೆ ಭಾರ ಇಟ್ಟರೆ ಮುಂದೆ ಬಾಲ್ ಹಗುರ ಆಗುತ್ತದೆ, ಬಾಲ್ ಹಗುರ ಆದರೆ ಕ್ಯಾರವಾನ್ ಬಾಲ ಆಡಿಸಲು ಶುರು ಮಾಡುತ್ತದೆ. ಇದು ತುಂಬಾ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಎರಡನೆಯದು. ಸೈಕಲ್, ಸ್ಪೇರ್ ಚಕ್ರ ಹಿಂದಿನ ತುದಿಗೆ ಹಾಕಿ, ಅದನ್ನು ಸರಿದೂಗಿಸಲು ಮುಂದಿನ ಟೂಲ್‌ಬಾಕ್ಸ್‌ಗೆ ಭಾರ ತುಂಬಿದರೆ ಬಾಲ್ ವೇಟ್ ಸರಿ ಬರುತ್ತದೆ, ಆದರೆ ಗಾಡಿ ಇನ್ನೂ ಕೆಟ್ಟದಾಗುತ್ತದೆ. ಉದ್ದನೆಯ ಬಿದಿರಿನ ಎರಡೂ ತುದಿಗೆ ನೀರು ತುಂಬಿದ ಕೊಡ ಕಟ್ಟಿ ತಿರುಗಿಸಿ ನೋಡಿ, ಒಮ್ಮೆ ತಿರುಗಲು ಹಿಡಿದರೆ ನಿಲ್ಲಿಸುವುದು ಎಷ್ಟು ಕಷ್ಟ ಅಂತ ಕೈಗೇ ಗೊತ್ತಾಗುತ್ತದೆ. ಕ್ಯಾರವಾನೂ ಹಾಗೇ. ಭಾರದ ಸಾಮಾನೆಲ್ಲ ಚಕ್ರಗಳ ಹತ್ತಿರ, ನೆಲದ ಮಟ್ಟದಲ್ಲಿ ಇರಲಿ. ಗ್ರೈಂಡರ್ ಒಯ್ಯುವವರಿದ್ದರೆ ಅದೂ ಅಲ್ಲೇ. ಮೇಲಿನ ಕಪಾಟಿಗೆ ಬಟ್ಟೆ, ಚಿಪ್ಸ್ ಪ್ಯಾಕೆಟ್ ಸಾಕು.

ಇನ್ನೊಬ್ಬರ ಪ್ರಶ್ನೆ: ಸಾರ್, ನನ್ನದು ಹೈಲಕ್ಸ್. ಕ್ಯಾರವಾನ್ ಕಟ್ಟಿದರೆ ಹಿಂದೆ ಕುಸಿದು ಮೂತಿ ಮೇಲೆ ಏಳುತ್ತದೆ. ಹಿಂದಿನ ಸಸ್ಪೆನ್ಷನ್‌ಗೆ ಏರ್‌ಬ್ಯಾಗ್ (ಗಾಳಿ ತುಂಬುವ ಚೀಲ) ಹಾಕಿಸಿದರೆ ಸರಿಹೋಗುತ್ತಾ?

ಉತ್ತರ: ನೋಡಲು ಸರಿಹೋಗುತ್ತದೆ, ಅಷ್ಟೇ. ಬಾಲ್ ಇರುವುದು ಹಿಂದಿನ ಆಕ್ಸಲ್‌ನಿಂದ ಸುಮಾರು 1.2 ಮೀಟರ್ ಹಿಂದೆ. ಸನ್ನೆಕೋಲಿನ ಲೆಕ್ಕದಲ್ಲಿ 280 ಕೆಜಿ ಬಾಲ್ ವೇಟ್ ಹಿಂದಿನ ಆಕ್ಸಲ್ ಮೇಲೆ 380ರಷ್ಟು ಭಾರ ಹಾಕುತ್ತದೆ, ಮುಂದಿನ ಚಕ್ರದಿಂದ 100 ಕೆಜಿ ಎತ್ತಿಬಿಡುತ್ತದೆ. ಸ್ಟೀರಿಂಗ್ ಹಗುರ ಅನ್ನಿಸೋದು ಅದಕ್ಕೇ. ಏರ್‌ಬ್ಯಾಗ್ ಹಿಂಭಾಗವನ್ನು ಎತ್ತುತ್ತದೆ, ಆದರೆ ಮುಂದಿನ ಚಕ್ರದ ಭಾರವನ್ನು ವಾಪಸ್ ಕೊಡುವುದಿಲ್ಲ, ಗಾಡಿಯ ಮಿತಿಯನ್ನೂ ಹೆಚ್ಚಿಸುವುದಿಲ್ಲ. ಲೀಫ್ ಸ್ಪ್ರಿಂಗ್ ಇರುವ ಯೂಟ್‌ಗೆ ಏರ್‌ಬ್ಯಾಗ್ ಹಾಕಿದರೆ ಭಾರವೆಲ್ಲ ಚಾಸಿಯ ಒಂದೇ ಜಾಗಕ್ಕೆ ಬೀಳುತ್ತದೆ. ಜಾಸ್ತಿ ಭಾರ, ಕೆಟ್ಟ ರಸ್ತೆ ಎರಡೂ ಸೇರಿದರೆ ಡಬಲ್ ಕ್ಯಾಬ್‌ಗಳ ಚಾಸಿ ಕ್ಯಾಬಿನ್ ಹಿಂದೆ ಬಾಗುತ್ತದೆ, ಅದರ ರಿಪೇರಿ ದುಬಾರಿ. ಮೊದಲು ಟ್ರೇನಲ್ಲಿರುವ ಸಾಮಾನು ಇಳಿಸಿ ನೋಡಿ. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಭಾರ ಹಂಚುವ ಕೊಂಡಿ) ಮುಂದಿನ ಚಕ್ರಕ್ಕೆ ಸ್ವಲ್ಪ ಭಾರ ವಾಪಸ್ ತರುತ್ತದೆ, ಆದರೆ ಗಾಡಿ ತಯಾರಕರು ಒಪ್ಪಿದ್ದರೆ ಮಾತ್ರ ಹಾಕಿ.

ಮತ್ತೊಬ್ಬರ ಪ್ರಶ್ನೆ: ಕಳೆದ ಸಲ ನಾನು ಓಡಿಸುವಾಗ ದೊಡ್ಡ ಟ್ರಕ್ ಓವರ್‌ಟೇಕ್ ಮಾಡಿತು, ಕ್ಯಾರವಾನ್ ಆ ಕಡೆ ಈ ಕಡೆ ತೂಗಾಡಿಬಿಟ್ಟಿತು. ಪಕ್ಕದಲ್ಲಿದ್ದ ನಮ್ಮ ಯಜಮಾನರು ಬ್ರೇಕ್ ಒತ್ತು ಅಂತ ಕೂಗಿದರು. ಅಣ್ಣ, ಏನು ಮಾಡಬೇಕಿತ್ತು?

ಉತ್ತರ: ಅಕ್ಕಾ, ಯೂಟ್‌ನ ಬ್ರೇಕ್ ಜೋರಾಗಿ ಒತ್ತಬಾರದು. ಒತ್ತಿದರೆ ಯೂಟ್ ನಿಧಾನ ಆಗುತ್ತದೆ, ಹಿಂದಿನ ಕ್ಯಾರವಾನ್ ಅದನ್ನು ತಳ್ಳುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ. ತೂಗಾಟಕ್ಕೆ ಎದುರಾಗಿ ತಿರುಗಿಸಲು ಹೋಗಬೇಡಿ, ನಮ್ಮ ಕೈ ಯಾವಾಗಲೂ ಒಂದು ಹೆಜ್ಜೆ ತಡ. ಡ್ಯಾಶ್‌ಬೋರ್ಡ್‌ನಲ್ಲಿ ಎಲೆಕ್ಟ್ರಿಕ್ ಬ್ರೇಕ್ ಕಂಟ್ರೋಲರ್ ಇರುತ್ತದಲ್ಲ, ಅದನ್ನು ಕೈಯಿಂದ ಒತ್ತಿದರೆ ಕ್ಯಾರವಾನ್ ಬ್ರೇಕ್ ಮಾತ್ರ ಹಿಡಿಯುತ್ತದೆ, ಹಿಂದಿನಿಂದ ಎಳೆದು ನೇರ ಮಾಡುತ್ತದೆ. ಆ ಬಟನ್ ಎಲ್ಲಿದೆ ಅಂತ ಕಣ್ಣು ಮುಚ್ಚಿದರೂ ಗೊತ್ತಿರಬೇಕು. ಖಾಲಿ ಜಾಗದಲ್ಲಿ ನಿಧಾನವಾಗಿ ಹೋಗುತ್ತಾ ನೀವಿಬ್ಬರೂ ಒತ್ತಿ ಅಭ್ಯಾಸ ಮಾಡಿ.

ವೇಗ ಹೆಚ್ಚಾದಷ್ಟೂ ಕ್ಯಾರವಾನ್ ತಾನಾಗಿ ನೇರಕ್ಕೆ ಬರುವ ಶಕ್ತಿ ಕಡಿಮೆ ಆಗುತ್ತದೆ. ಒಂದು ವೇಗ ದಾಟಿದರೆ ಸಣ್ಣ ಅಲುಗಾಟವೂ ಬೆಳೆಯುತ್ತಲೇ ಹೋಗುತ್ತದೆ. ಬೋರ್ಡ್ ಮೇಲೆ 110 ಅಂತ ಇದ್ದರೂ ನಾನು 90 ದಾಟುವುದಿಲ್ಲ. ಅಂದು ತೂಗಾಡಿದ ಕ್ಯಾರವಾನ್ ಇಂದೂ ಹಾಗೇ ತುಂಬಿದೆ ಅಂದರೆ ಮತ್ತೆ ತೂಗಾಡುತ್ತದೆ, ಸಾಮಾನು ಜೋಡಿಸುವುದನ್ನು ಬದಲಿಸಿ.

ಮೊದಲು ಕೇಳಿದವರು: ಸರಿ ಸರ್, ಸೈಕಲ್ ಯೂಟ್ ಮೇಲೆ. ಹೊರಡುವ ಮುಂಚೆ ಇನ್ನೇನು ಮಾಡಲಿ? ಅಡಿಲೇಡ್ ಹತ್ತಿರ ದೊಡ್ಡ ಇಳಿಜಾರು ಇದೆಯಂತೆ.

ಉತ್ತರ: ಹೌದು, ಕ್ರೇಫರ್ಸ್‌ನಿಂದ ಗ್ಲೆನ್ ಆಸ್ಮಂಡ್‌ಗೆ ಇಳಿಯುವ ಸೌತ್ ಈಸ್ಟರ್ನ್ ಫ್ರೀವೇ. ಅಲ್ಲಿ ಟ್ರಕ್, ಬಸ್ಸುಗಳು ಲೋ ಗೇರ್‌ನಲ್ಲಿ 60ರ ಒಳಗೇ ಇಳಿಯಬೇಕು ಅಂತ ನಿಯಮ ಇದೆ. ಆ ನಿಯಮ ನಿಮಗಿಲ್ಲ, ಆದರೂ ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ, ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ.

ನಿಮ್ಮ ತೂಕಕ್ಕೆ ಸೇಫ್ಟಿ ಚೈನ್ ಎರಡು ಕಡ್ಡಾಯ, ಕಪ್ಲಿಂಗ್ (ಟೋಬಾಲ್ ಮೇಲೆ ಕೂರುವ ಕ್ಯಾರವಾನ್ ಕೊಂಡಿ) ಕೆಳಗೆ ಒಂದನ್ನೊಂದು ದಾಟುವಂತೆ ಅಡ್ಡಡ್ಡ ಹಾಕಿ. ಬ್ರೇಕ್‌ಅವೇ ಬ್ಯಾಟರಿ (ಕ್ಯಾರವಾನ್ ಕಳಚಿಕೊಂಡರೆ ಅದರ ಬ್ರೇಕ್ ಹಿಡಿಸುವುದು) ಚಾರ್ಜ್ ಇದೆಯಾ ನೋಡಿ, ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಅದು ಸತ್ತಿರಬಹುದು. ಚಕ್ರ ಬಿಚ್ಚಿ ಹಾಕಿಸಿದ್ದರೆ 50-100 ಕಿಮೀ ಆದ ಮೇಲೆ ನಟ್ ಮತ್ತೆ ಬಿಗಿ ಮಾಡಿಸಿ. ಗ್ಯಾಸ್ ಬಂದ್ ಮಾಡಿ. ಓಡುವಾಗ ಕ್ಯಾರವಾನ್ ಒಳಗೆ ಯಾರೂ ಕೂರಬಾರದು, ಮಕ್ಕಳು ಎಷ್ಟೇ ಹಟ ಮಾಡಲಿ.

ಎಲ್ಲ ತುಂಬಿ, ಎಲ್ಲರೂ ಕೂತು, ಟ್ಯಾಂಕ್ ಫುಲ್ ಮಾಡಿ ವೇಬ್ರಿಡ್ಜ್‌ಗೆ (ಗಾಡಿ ತೂಗುವ ತಕ್ಕಡಿ) ಹೋಗಿ. ಮೊದಲು ಎರಡೂ ಸೇರಿಸಿ ತೂಗಿಸಿ. ಆಮೇಲೆ ಕಟ್ಟಿರುವಂತೆಯೇ ಯೂಟ್ ಚಕ್ರ ಮಾತ್ರ, ಅದರಲ್ಲಿ ಹಿಂದಿನ ಆಕ್ಸಲ್ ಬೇರೆಯಾಗಿ, ಆಮೇಲೆ ಕ್ಯಾರವಾನ್ ಚಕ್ರ ಮಾತ್ರ. ಕೊನೆಗೆ ಕ್ಯಾರವಾನ್ ಬಿಚ್ಚಿ ಅದೊಂದನ್ನೇ, ಮೂತಿಗೆ ಆಧಾರವಾಗಿರುವ ಸಣ್ಣ ಜಾಕಿ ಚಕ್ರವೂ ತಕ್ಕಡಿ ಮೇಲೇ ಇರಲಿ. ಈ ಕೊನೆಯ ತೂಕದಲ್ಲಿ, ಕಟ್ಟಿದಾಗ ಬಂದ ಕ್ಯಾರವಾನ್ ಚಕ್ರದ ತೂಕ ಕಳೆದರೆ ಬಾಲ್ ವೇಟ್ ಸಿಗುತ್ತದೆ. ಚೀಟಿಯ ಫೋಟೋ ಇಲ್ಲೇ ಹಾಕಿ, ಯಾವುದನ್ನು ಎಲ್ಲಿಗೆ ಸರಿಸಬೇಕು ಅಂತ ನೋಡಿ ಹೇಳುತ್ತೇನೆ.