ಹಾಸಿಗೆ ಏರಿದ ನಾಯಿಯೂ ಮನೆಯವರ ನಿದ್ದೆಯೂ

ಅಡಿಕೆ ತೋಟದವನು:
ಬೆಂಗಳೂರಿನ ಮಗಳ ಮನೆಯಲ್ಲಿ ನಾಯಿ ಹಾಸಿಗೆಯ ನಡುವೆ ಮಲಗುತ್ತದೆ, ಅಳಿಯ ಅಂಚಿನಲ್ಲಿ. ನಮ್ಮ ಕಡೆ ನಾಯಿ ಜಗಲಿ ದಾಟುತ್ತಿರಲಿಲ್ಲ. ತೋಟಕ್ಕೆ ಕಾಡುಹಂದಿ ನುಗ್ಗಿದರೆ ಬೊಗಳಿ ಎಬ್ಬಿಸುವುದು ಅದರ ಕೆಲಸ. ಹೊದಿಕೆಯೊಳಗಿನ ನಾಯಿ ಯಾರನ್ನು ಕಾಯುತ್ತದೆ? ಇಬ್ಬರ ನಿದ್ದೆಯೂ ಹಾಳು.

ಮೂರನೇ ಮಹಡಿ:
ಇಲ್ಲಿಗೆ ಹಂದಿ ಹತ್ತಿ ಬರುವುದಿಲ್ಲ ಸರ್. ಕಾಯಲು ಕಾವಲುಗಾರನಿದ್ದಾನೆ, ಕ್ಯಾಮೆರಾ ಇದೆ, ಜಗಲಿಯೇ ಇಲ್ಲ. ನಾವು ಕೆಲಸಕ್ಕೆ ಹೋದಾಗ ಒಂಟಿಯಾಗಿರುವ ಪ್ರಾಣಿಯನ್ನು ರಾತ್ರಿಯೂ ಬಾಗಿಲಾಚೆ ಇಡಬೇಕೆ?

ಕಾಡಂಚಿನವಳು:
ಜಗಲಿಯೇನು ಸ್ವರ್ಗವಾಗಿರಲಿಲ್ಲ. ಚಿರತೆ ಎಷ್ಟು ಮನೆಗಳ ನಾಯಿಯನ್ನು ಅಲ್ಲಿಂದಲೇ ಎತ್ತಿಕೊಂಡು ಹೋಗಿದೆ! ನಮ್ಮ ನಿದ್ದೆಗೆ ಅದರ ಪ್ರಾಣವನ್ನು ಒತ್ತೆಯಿಟ್ಟಿದ್ದೆವು. ಬೆಕ್ಕಿಗೆ ಮಾತ್ರ ಆಗಲೂ ಒಲೆಯ ಬೂದಿಯ ಬಿಸಿ ಸಿಗುತ್ತಿತ್ತು. ಇಲಿ ಹಿಡಿಯುವವಳಿಗೆ ಒಳಗೆ ಬರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಪಶುವೈದ್ಯೆ:
ಅಮೆರಿಕದ ಮೇಯೊ ಕ್ಲಿನಿಕ್‌ನವರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಿದ್ರಾದೋಷವಿಲ್ಲದ 40 ಮಂದಿಗೂ ಅವರ ನಾಯಿಗಳಿಗೂ ಚಲನೆ ಅಳೆಯುವ ಉಪಕರಣ ಕಟ್ಟಿದ್ದರು. ನಾಯಿ ಕೋಣೆಯಲ್ಲಿ ಬೇರೆಡೆ ಮಲಗಿದಾಗ, ಹಾಸಿಗೆಯಲ್ಲಿ ಕಳೆದ ಹೊತ್ತಿನ ಶೇ. 83ರಷ್ಟು ನಿದ್ದೆಯಾಗಿತ್ತು; ಹಾಸಿಗೆಯ ಮೇಲೇ ಇದ್ದಾಗ ಶೇ. 80. ಆದರೆ ನಾಯಿಯೇ ಇಲ್ಲದ ಕೋಣೆಯೊಡನೆ ಹೋಲಿಸಿರಲಿಲ್ಲ. ಬೆಕ್ಕಿನ ಲೆಕ್ಕ ಬೇರೆ. ಮುಸ್ಸಂಜೆ ಮತ್ತು ಮುಂಜಾವಿನಲ್ಲಿ ಚುರುಕಾಗುವುದು ಅದರ ಹುಟ್ಟುಗುಣ. ಕೂಗಿತೆಂದು ಐದು ಗಂಟೆಗೇ ಊಟ ಹಾಕಿದಿರೋ, ನಾಳೆಯೂ ಅದೇ ಹೊತ್ತಿಗೆ ಕೂಗುತ್ತದೆ.

ಹಳೆಯ ಕಡತ:
ನಾಯಿ ಬದಲಾದದ್ದನ್ನು ಮಾತ್ರ ಹೇಳುತ್ತಿದ್ದೀರಿ, ರಾತ್ರಿಯೂ ಬದಲಾಗಿದೆ. ಇತಿಹಾಸಕಾರ ರೋಜರ್ ಎಕಿರ್ಚ್ 2001ರಲ್ಲಿ ತೋರಿಸಿದಂತೆ, ಕೈಗಾರಿಕಾ ಕ್ರಾಂತಿಗೆ ಮುಂಚಿನ ಯುರೋಪಿನಲ್ಲಿ ಜನ ಮೊದಲ ನಿದ್ದೆ ಮುಗಿಸಿ ಎದ್ದು, ಸ್ವಲ್ಪ ಹೊತ್ತು ಪ್ರಾರ್ಥನೆಯನ್ನೋ ಮಾತುಕತೆಯನ್ನೋ ಮಾಡಿ ಮತ್ತೆ ಮಲಗುತ್ತಿದ್ದರು. ದೀಪ ಬಂದ ಮೇಲೆ ಮಲಗುವ ಹೊತ್ತು ಮುಂದಕ್ಕೆ ಹೋಯಿತು, ಎರಡು ನಿದ್ದೆಗಳು ಒಂದಾದವು. ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ತಿನ ದೀಪ ಬಂದದ್ದೇ 1905ರಲ್ಲಿ. ಮಧ್ಯರಾತ್ರಿ ಎಚ್ಚರವಾದರೆ ಕಾಯಿಲೆ ಎಂದು ಗಾಬರಿಯಾಗುವುದು ನಮ್ಮ ಕಾಲದ ರೂಢಿ. ತಪ್ಪು ನಾಯಿಯ ತಲೆಗೆ.

ರಾತ್ರಿಪಾಳಿ:
ಯುರೋಪಿನ ಕಥೆಯನ್ನು ಎಲ್ಲರಿಗೂ ಹೊದಿಸಬೇಡಿ. ವಿದ್ಯುತ್ತಿಲ್ಲದೆ ಬದುಕುವ ತಾಂಜಾನಿಯಾದ ಹಾದ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ತ್ಸಿಮಾನೆ ಜನರ ನಿದ್ದೆಯನ್ನು ನಿದ್ರಾ ಸಂಶೋಧಕ ಜೆರೋಮ್ ಸೀಗಲ್ ಅವರ ತಂಡ ಅಳೆದಿತ್ತು. 2015ರ ಆ ವರದಿಯ ಪ್ರಕಾರ ಸರಾಸರಿ ನಿದ್ದೆ 5.7ರಿಂದ 7.1 ಗಂಟೆ, ಎರಡು ಕಂತುಗಳ ನಿದ್ದೆ ಅವರಲ್ಲಿ ವಾಡಿಕೆಯಾಗಿರಲಿಲ್ಲ. ಅಲ್ಲದೆ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಯಲ್ಲಿ ಇರಬೇಕಾದವನಿಗೆ ಇತಿಹಾಸ ರಜೆ ಕೊಡುವುದಿಲ್ಲ.

ಹಳೆಯ ಕಡತ:
ಒಪ್ಪಿದೆ, ಯುರೋಪು ಇಡೀ ಲೋಕವಲ್ಲ. ಆದರೆ ನೀವು ಕೊಟ್ಟ ಅಂಕಿಯಲ್ಲಿ ಎಂಟು ಗಂಟೆಯೂ ಇಲ್ಲವಲ್ಲ!

ಅಡಿಕೆ ತೋಟದವನು:
ಶೇ. 80, ಶೇ. 83 ಎಲ್ಲ ಸರಿ. ಮಗಳು ಈಗ ಬಸುರಿ. ಕೂಸು ಬಂದ ಮೇಲೂ ನಾಯಿ ಅಲ್ಲೇ ಇರಬೇಕೆ?

ಪಶುವೈದ್ಯೆ:
ಬೇಡ, ಕೂಸು ಮಲಗುವ ಹಾಸಿಗೆಯ ಮೇಲೆ ನಾಯಿ ಖಂಡಿತ ಬೇಡ. ಆದರೆ ಹೆರಿಗೆಯಾದ ದಿನವೇ ಹೊರಗಟ್ಟಬೇಡಿ. ಈಗಿನಿಂದಲೇ ಕೋಣೆಯ ಮೂಲೆಯಲ್ಲಿ ಅದಕ್ಕೊಂದು ಹಾಸು ಹಾಕಿ, ಅಲ್ಲಿ ಮಲಗಿದರೆ ತಿಂಡಿ ಕೊಟ್ಟು ರೂಢಿ ಮಾಡಿಸಿ. ಆಮೇಲೆ ಹಾಸನ್ನು ಹಜಾರಕ್ಕೆ ಸರಿಸಿ. ಉಣ್ಣಿ, ಹುಳುಕಡ್ಡಿ ಇವೆಯೇ ಎಂದು ತೋರಿಸಿಕೊಂಡು ಬರಲು ಹೇಳಿ, ರೇಬೀಸ್ ಲಸಿಕೆಯ ದಿನಾಂಕವನ್ನೂ ನೋಡಿಕೊಳ್ಳಲಿ.

ಮೂರನೇ ಮಹಡಿ:
ಅಳಿಯನಿಗೆ ನಡುಜಾಗ ಆಗಲೂ ಸಿಗುವುದಿಲ್ಲ ಬಿಡಿ.