ಡೈಕ್ಲೋರೋಡೈಫಿನೈಲ್‌ಟ್ರೈಕ್ಲೋರೋಈಥೇನ್: ಎಲ್ಲಿ ಒಡೀಬೇಕ್ರಿ?

ಪ್ರಶ್ನೆ – ಗದಗ
ಪಿಯು ಮಕ್ಕಳಿಗೆ ಕನ್ನಡದಾಗ ರಸಾಯನಶಾಸ್ತ್ರದ ನೋಟ್ಸ್ ಮಾಡಾಕತ್ತೀನ್ರಿ. ಡಿಡಿಟಿಯ ಪೂರ್ಣ ಹೆಸರು ಓದೂವಾಗ "ಡೈಕ್-ಲೋರೋಡೈ-ಫಿನೈಲ್ಟ್" ಅಂತ ಎಲ್ಲೆಲ್ಲೋ ನಿಲ್ಲತಾರ. ಟೈಪ್ ಮಾಡಿದ್ರೂ ನಡುವ ಒತ್ತಕ್ಷರ ಗಂಟ ಬೀಳತೈತಿ.

ಉತ್ತರ – ಧಾರವಾಡ
ಅಕ್ಷರ ನೋಡಿ ಒಡೀಬ್ಯಾಡ್ರಿ ಸರ, ಗುಂಪು ನೋಡಿ ಒಡೀರಿ. ಅದೂ ಬಾಲದಿಂದ. ಕೊನೆಯ ಈಥೇನ್ ಮೂಲ ಸರಪಳಿ, ಅದರಲ್ಲಿ 2 ಕಾರ್ಬನ್. ಮೊದಲು "ಈಥೇನ್" ಅನ್ನಿಸಿ, ಆಮೇಲೆ "ಟ್ರೈಕ್ಲೋರೋ-ಈಥೇನ್", ಆಮೇಲೆ "ಡೈಫಿನೈಲ್-ಟ್ರೈಕ್ಲೋರೋ-ಈಥೇನ್", ಕಡೆಗೆ ಡೈಕ್ಲೋರೋ ಸೇರಿಸಿ. ಡೈ, ಟ್ರೈ ಎಂಬ ಎಣಿಕೆಯನ್ನು ಅದರ ಮುಂದಿನ ಗುಂಪಿನಿಂದ ಕೀಳಬಾರದು. ಸರಿಯಾಗಿ ಒಡೆದರೆ 2 ಮತ್ತು 3, ಒಟ್ಟು 5 ಕ್ಲೋರಿನ್, ಅಣುಸೂತ್ರದಲ್ಲಿರುವುದೂ ಅಷ್ಟೇ. ಕ್ಲ ಎಂಬ ಒತ್ತಕ್ಷರವನ್ನಂತೂ ಎಂದೂ ಸೀಳಬೇಡಿ.

ಸ್ವರದಿಂದ ಶುರುವಾಗುವ ಗುಂಪು ಬಂದಾಗ ಎಚ್ಚರ. ಡೈಮೀಥೈಲ್, ಅಮೀನ್ ಎರಡೂ ಬಾಯಲ್ಲಿ ಕೂಡಿ ಡೈಮೀಥೈಲಮೀನ್ ಆಗುತ್ತದೆ. ಹಾಗೆ ಹೇಳುವುದು ಸರಿಯೇ. ಆದರೆ "ಲಮೀನ್" ಎಂಬ ಗುಂಪು ಇಲ್ಲ, ಕಲಿಸುವಾಗ ಬಿಡಿಸಿಯೇ ತೋರಿಸಿ.

ಉತ್ತರ – ಹುಬ್ಬಳ್ಳಿ
ಟೈಪಿಂಗ್ ವಿಷಯಕ್ಕೆ: ಫಿನೈಲ್ ಆದಮೇಲೆ ನೇರ ಟ್ರೈ ಒತ್ತಿದರೆ ಟ್ರೈನ ಐತ್ವ ಹೋಗಿ ಲಕಾರಕ್ಕೆ ಅಂಟುತ್ತದೆ, ಟ ಮತ್ತು ರ ಕೆಳಗಿಳಿಯುತ್ತವೆ. ಮಕ್ಕಳು ಅದನ್ನು "ಲೈ" ಎಂದು ಓದಲು ಹೊರಡುತ್ತಾರೆ. ಎರಡರ ನಡುವೆ ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆ ಬೇಕು. ವರ್ಡ್‌ನಲ್ಲಿ "ಫಿನೈಲ್" ಬರೆದು, ಇಂಗ್ಲಿಷ್ ಕೀಲಿಯಲ್ಲಿ 200ಸಿ ಹೊಡೆದು, ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಆ ನಾಲ್ಕು ಗುರುತು ಮಾಯವಾಗುತ್ತವೆ. ಮುಂದೆ "ಟ್ರೈ" ಬರೆದರೆ ಅರ್ಧ ಲ್ ಹಾಗೇ ಉಳಿಯುತ್ತದೆ. ಸ್ಪೇಸ್ ಕೊಡಬೇಡಿ, ಸಾಲಿನ ಕೊನೆಯಲ್ಲಿ ಹೆಸರು ಹರಿದುಹೋಗುತ್ತದೆ.

ಗದಗ
ಗಂಟ ಬಿಚ್ಚಿತ್ರಿ! "ಈಥೇನು" ಅಂತಾರಲ್ಲ, ಅದನ್ನೂ ತಿದ್ದಬೇಕೇನ್ರಿ?

ಧಾರವಾಡ
ಕೊನೆಗೆ ಉಕಾರ ಸೇರಿದರೆ ಅರ್ಥ ಕೆಡುವುದಿಲ್ಲ, ಬಿಡಿ. ನಡುವಿನ ಸ್ವರ ಮಾತ್ರ ಪಟ್ಟುಹಿಡಿದು ತಿದ್ದಿ. ಈಥೇನ್ ಎಂದರೆ ಏಕಬಂಧ, ಈಥೀನ್ ದ್ವಿಬಂಧ, ಈಥೈನ್ ತ್ರಿಬಂಧ. ನೈಟ್ರೇಟ್‌ನಲ್ಲಿ ಆಕ್ಸಿಜನ್ 3, ನೈಟ್ರೈಟ್‌ನಲ್ಲಿ 2, ನೈಟ್ರೈಡ್‌ನಲ್ಲಿ ಇಲ್ಲವೇ ಇಲ್ಲ. ಇವನ್ನು ಬೋರ್ಡಿಗೆ ಬೆನ್ನು ಮಾಡಿ ಕೂರಿಸಿ, ಕೇಳಿಸಿ, ಬರೆಸಿ. ಓದುವುದಕ್ಕಿಂತ ಕೇಳಿ ಬರೆಯುವಾಗಲೇ ತಪ್ಪು ಹೊರಬೀಳುವುದು.