ಕಡಿಮೆ ಉಪ್ಪಿನಲ್ಲಿ ಉಪ್ಪುಸೊಳೆ ಹಾಕುವ ಕ್ರಮ ತಿಳಿದವರಿಂದ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಪುತ್ತೂರಿನ ಕಡೆಯ ಅಡಿಕೆ ತೋಟ. ಮನೆಗೆ ಬೇಕಾದ ತರಕಾರಿಯನ್ನು ಆದಷ್ಟು ನಾವೇ ಬೆಳೆಯುತ್ತೇವೆ; ಆದರೆ ಮಳೆ ಹಿಡಿದ ಮೇಲೆ ಅಂಗಳದಲ್ಲಿ ಏನೂ ನಿಲ್ಲುವುದಿಲ್ಲವಾದ್ದರಿಂದ, ಬಲಿತ ಹಲಸಿನಕಾಯಿಯ ಸೊಳೆಯನ್ನು ಭರಣಿಯಲ್ಲಿ ಉಪ್ಪು ಬೆರೆಸಿ, ಮೇಲೆ ಕಲ್ಲು ಹೇರಿ ಇಡುವ ರೂಢಿ ಹಿಂದಿನಿಂದಲೂ ಇದೆ. ಆಟಿ ತಿಂಗಳ ಪಲ್ಯ, ರೊಟ್ಟಿ, ಉಂಡ್ಲಕಾಳು ಎಲ್ಲವೂ ಅದರಿಂದಲೇ.

ಅತ್ತೆಯವರಿಗೆ ರಕ್ತದೊತ್ತಡವಿರುವುದರಿಂದ ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ಸೊಳೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಹಿಂಡಿದರೆ ಉಪ್ಪು ಬಹಳಷ್ಟು ಇಳಿಯುತ್ತದೆ, ಜೊತೆಗೆ ರುಚಿಯೂ ಇಳಿಯುತ್ತದೆ ಎಂಬುದೇ ಬೇಸರ. ಹಾಗೆಂದು ಹಾಕುವಾಗಲೇ ಉಪ್ಪನ್ನು ಮನಬಂದಂತೆ ತಗ್ಗಿಸಲು ಧೈರ್ಯವಿಲ್ಲ. ಶೇಕಡಾ 10ಕ್ಕಿಂತ ಹೆಚ್ಚು ಉಪ್ಪಿರುವ ನೀರಿನಲ್ಲಿ ಬಾಟುಲಿಸಂ (ಆಹಾರದಿಂದ ಬರುವ ಮಾರಕ ವಿಷಬಾಧೆ) ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯದು. ಅದಕ್ಕಿಂತ ಕಡಿಮೆಯಾದರೆ ಹುಳಿ ಚೆನ್ನಾಗಿ ಏರಿ, ಪಿಎಚ್ (ಹುಳಿ ಏರಿದಷ್ಟೂ ಇಳಿಯುವ ಅಳತೆ) 4.6ಕ್ಕಿಂತ ಕೆಳಗಿಳಿಯಲೇಬೇಕು. ಎಲೆಕೋಸಿನಂಥ ತರಕಾರಿ ಶೇಕಡಾ 2–3ರಷ್ಟು ಉಪ್ಪಿನಲ್ಲಿಯೇ ಹುಳಿಯುತ್ತದೆ, ನಿಜ. ಹಲಸಿಗೂ ಅದು ಹೊಂದುತ್ತದೆಯೇ?

ಈ ರೀತಿ ಹಾಕಿ ಅನುಭವವಿರುವವರು, ಒಂದು ಕಿಲೋ ಸೊಳೆಗೆ ಎಷ್ಟು ಉಪ್ಪು ಹಾಕಿದಿರಿ, ಹುಳಿಯನ್ನು ಪಿಎಚ್ ಪಟ್ಟಿಯಿಂದ ಅಳೆದಿರಾ, ಮಳೆಗಾಲ ಮುಗಿಯುವವರೆಗೆ ಅದು ಮೆತ್ತಗಾಗದೆ ಉಳಿಯಿತೇ ಎಂಬುದನ್ನು ದಯವಿಟ್ಟು ತಿಳಿಸಬೇಕು. ನೀರಿನ ಮೇಲೆ ಕಟ್ಟುವ ತೆಳುವಾದ ಬಿಳಿ ಪದರವನ್ನು ತೆಗೆದು ಮುಂದುವರಿಸಬಹುದೇ ಎಂಬ ಬಗ್ಗೆ ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯಗಳಿವೆ. ಫ್ರಿಜ್‌ನಲ್ಲಿಡುವ ಸಲಹೆ ಬೇಡ. ಇಲ್ಲಿ ಮಳೆಗಾಲದಲ್ಲಿ ಕರೆಂಟನ್ನು ನೆಚ್ಚುವಂತಿಲ್ಲ.